ಇದು ಕಾರ್ಡಿನಾಗೆ ಬರ್ತೈತಾ ಮೇಡಂ?

ಆರೋಗ್ಯ ವಿಮೆಯ ನಿಯಮ ಒಂದು ಸಲ ಬದಲಾಯಿತೆಂದರೆ ನನ್ನ ಕೌಂಟರಿನ ಮುಂದೆ ಆರು ತಿಂಗಳು ತಮಾಷೆಗೆ ಕೊರತೆ ಇರುವುದಿಲ್ಲ. ಆ ಆರು ತಿಂಗಳು ಮುಗಿಯುವಷ್ಟರಲ್ಲಿ ನಿಯಮ ಇನ್ನೊಂದು ಸಲ ಬದಲಾಗಿರುತ್ತದೆ.

ನಮ್ಮ ಮನೆ ಹೊಳಲ್ಕೆರೆಯಲ್ಲಿ. ನನ್ನ ಕೆಲಸ ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಬಂದು, ಗಾಜಿನ ಕಿಂಡಿಯ ಹಿಂದೆ ಕೂತರೆ ಸಂಜೆಯವರೆಗೆ ಏಳುವ ಹಾಗಿಲ್ಲ. ಸರ್ಕಾರದ ಆರೋಗ್ಯ ಕಾರ್ಡಿನವರು, ಸಹಕಾರ ಸಂಘದ ಕಾರ್ಡಿನವರು, ಕೈಯಿಂದ ಕಂತು ಕಟ್ಟಿ ಪಾಲಿಸಿ ಮಾಡಿಸಿಕೊಂಡವರು, ಎಲ್ಲರೂ ಮೊದಲು ನನ್ನ ಹತ್ತಿರವೇ ಬರಬೇಕು. ಕಾಗದ ನೋಡಿ, ಯಾವ ಖರ್ಚು ವಿಮೆಗೆ ಸೇರುತ್ತದೆ, ಯಾವುದು ಮನೆಯವರ ಜೇಬಿನಿಂದ ಹೋಗುತ್ತದೆ ಎಂದು ನಾನು ಹೇಳಬೇಕು. ಹಿರಿಯೂರಿನವರಿರಲಿ, ಹೊಸದುರ್ಗದವರಿರಲಿ, ಕೇಳುವ ಪ್ರಶ್ನೆ ಒಂದೇ: "ಇದು ಕಾರ್ಡಿನಾಗೆ ಬರ್ತೈತಾ ಮೇಡಂ?"

ನಮ್ಮ ಯಜಮಾನರು ಹೊಳಲ್ಕೆರೆಯಲ್ಲಿ ಆರೋಗ್ಯ ವಿಮೆಯ ಏಜೆಂಟರು. ಪಾಲಿಸಿ ಮಾರುವಾಗ ಅವರು ಜನರಿಗೆ ಹೇಳುವ ಮಾತು "ಎಲ್ಲಾ ಬರ್ತೈತೆ". ಅದೇ ಜನ ನಾಳೆ ಆಸ್ಪತ್ರೆಗೆ ಬಂದಾಗ ನಾನು ಹೇಳಬೇಕಾದ ಮಾತು "ಇದು ಬರಲ್ಲ". ಇಪ್ಪತ್ತು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಂದೇ ಮಾತು ಆಡಿದ ದಿನಗಳು ಬೆರಳೆಣಿಕೆಯಷ್ಟು.

ಮಿಕ್ಸಿ ಬರಲಿಲ್ಲ

ಆರೋಗ್ಯ ವಿಮೆಯ ಕಂತಿನ ಮೇಲಿದ್ದ ತೆರಿಗೆಯನ್ನು ಸರ್ಕಾರ ತೆಗೆದುಹಾಕಿದ ಸುದ್ದಿ ಬಂದ ದಿನ ಯಜಮಾನರು ಅರ್ಧ ಕೆಜಿ ಮೈಸೂರು ಪಾಕು ಹಿಡಿದುಕೊಂಡು ಮನೆಗೆ ಬಂದರು. ತೆರಿಗೆಯನ್ನು ಸ್ವತಃ ತಾವೇ ಹೋಗಿ ತೆಗೆಸಿಕೊಂಡು ಬಂದವರ ಹಾಗಿತ್ತು ಮುಖ. ಊಟಕ್ಕೂ ಕೂರದೆ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, "ಇನ್ನು ಮೇಲೆ ನಿಮಗೆ ತೆರಿಗೆ ಇಲ್ಲ ಸಾರ್, ಕಂತು ಇಳೀತು" ಎಂದು ಹೇಳತೊಡಗಿದರು.

ಅವರ ಹಳೆಯ ಗಿರಾಕಿ ಒಬ್ಬರು ನಿವೃತ್ತ ಮೇಷ್ಟ್ರು. ಅವರು ಎಲ್ಲ ಕೇಳಿಸಿಕೊಂಡು, "ಸಂತೋಷ. ನಾನು ಹತ್ತು ವರ್ಷದಿಂದ ಕಟ್ಟಿರೋ ತೆರಿಗೆ ಯಾವಾಗ ವಾಪಸ್ ಬರ್ತೈತೆ?" ಎಂದರು.

"ಅದು ಬರಲ್ಲ ಸಾರ್. ಇದು ಮುಂದಿನ ಕಂತಿಗೆ ಮಾತ್ರ."

"ಹಂಗಾದ್ರೆ ಹತ್ತು ವರ್ಷದಾಗೆ ಒಂದು ದಿನನೂ ನಾನು ಆಸ್ಪತ್ರೆ ಸೇರಿಲ್ಲ. ಅದಕ್ಕಾದ್ರೂ ಏನಾದ್ರೂ ವಾಪಸ್ ಬರ್ತೈತಾ?"

"ದೇವರು ನಿಮಗೆ ಆರೋಗ್ಯ ಕೊಟ್ಟವ್ನೆ ಸಾರ್."

"ಅವನು ಕೊಟ್ಟಿದ್ದಕ್ಕೆ ನೀವ್ಯಾಕಪ್ಪ ಕಂತು ಇಸ್ಕಂಡ್ರಿ?" ಎಂದು ಮೇಷ್ಟ್ರು ಫೋನ್ ಇಟ್ಟರು.

ನಾನು ಈ ಕಡೆ ಬೇರೆಯೇ ಲೆಕ್ಕದಲ್ಲಿದ್ದೆ. ನಮ್ಮ ಮನೆಯ ಪಾಲಿಸಿಯ ಕಂತಿನಲ್ಲಿ ತೆರಿಗೆಯ ಪಾಲು ಉಳಿದರೆ ಒಂದು ಒಳ್ಳೆಯ ಮಿಕ್ಸಿ ಬರುತ್ತಿತ್ತು. ಈಗಿರುವ ಮಿಕ್ಸಿಯ ಮುಚ್ಚಳವನ್ನು ನಾನು ಎರಡೂ ಕೈಯಲ್ಲಿ ಅದುಮಿ ಹಿಡಿಯಬೇಕು, ಸ್ವಿಚ್ಚನ್ನು ಬೇರೆ ಯಾರಾದರೂ ಬಂದು ಹಾಕಬೇಕು. ಅಂಗಡಿಗೆ ಹೋಗಿ ಬಣ್ಣ ಕೂಡ ಆರಿಸಿಟ್ಟು ಬಂದೆ.

ಎರಡು ವಾರ ಕಳೆದ ಮೇಲೆ ಕಂಪನಿಯಿಂದ ಯಜಮಾನರಿಗೆ ಒಂದು ಸಂದೇಶ ಬಂತು. ತೆರಿಗೆ ಹೋದದ್ದರಿಂದ ಕಂಪನಿ ತನ್ನ ಖರ್ಚಿನ ಮೇಲೆ ಕಟ್ಟಿದ ತೆರಿಗೆ ಇನ್ನು ವಾಪಸ್ ಸಿಗುವುದಿಲ್ಲವಂತೆ, ಆ ಹೊರೆಯನ್ನು ಏಜೆಂಟರ ಕಮಿಷನ್ನಿನಲ್ಲಿ ಹಿಡಿದುಕೊಳ್ಳುತ್ತಾರಂತೆ. ಯಜಮಾನರು ಹೋಗಿ ಮೈಸೂರು ಪಾಕಿನ ಡಬ್ಬಿ ತೆಗೆದು ನೋಡಿದರು. ಅದೂ ಖಾಲಿಯಾಗಿತ್ತು.

ಅದೇ ವಾರ ನಮ್ಮ ಪಾಲಿಸಿ ನವೀಕರಣದ ಕಾಗದವೂ ಬಂತು. ತೆರಿಗೆಯ ಜಾಗದಲ್ಲಿ ಸೊನ್ನೆ ಇತ್ತು, ಸರಿ. ಆದರೆ ಒಟ್ಟು ಕಂತು ಹೋದ ವರ್ಷಕ್ಕಿಂತ ಜಾಸ್ತಿ ಇತ್ತು.

"ಇದೇನ್ರಿ?" ಎಂದೆ.

ಯಜಮಾನರು ಕನ್ನಡಕ ಹಾಕಿಕೊಂಡು, ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, "ವಯಸ್ಸು ಕಣೆ. ವಯಸ್ಸಾದಂಗೆ ಕಂತು ಏರ್ತೈತೆ. ನಿಂಗೂ ನಲವತ್ತಾರು ತುಂಬ್ತಲ್ಲ," ಎಂದರು.

ಇದನ್ನು ಬೇರೆ ಯಾವ ಹೆಂಗಸಿಗಾದರೂ ಹೇಳಿ ದಕ್ಕಿಸಿಕೊಳ್ಳಬಹುದಿತ್ತು. ನಾನು ದಿನಕ್ಕೆ ಇಪ್ಪತ್ತು ಪಾಲಿಸಿ ಓದುವವಳು. ಇಡೀ ಮನೆಗೆ ಒಂದೇ ಪಾಲಿಸಿ ಇದ್ದಾಗ ಕಂತು ನಿಲ್ಲುವುದು ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ. ನಮ್ಮ ಮನೆಯಲ್ಲಿ ಹಿರಿಯರು ಎಂದರೆ ಹೋದ ತಿಂಗಳಷ್ಟೇ ಐವತ್ತೊಂದು ತುಂಬಿಸಿಕೊಂಡ ಇದೇ ಮಹಾನುಭಾವರು.

"ಸರ್ಕಾರ ತೆರಿಗೆ ತೆಗೀತು. ನಿಮ್ಮ ವಯಸ್ಸು ತೆಗ್ಸಾಕೆ ನಾನು ಯಾವ ಆಫೀಸಿಗೆ ಅರ್ಜಿ ಹಾಕ್ಲಿ?" ಎಂದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಚಟ್ನಿಯನ್ನು ಯಜಮಾನರೇ ಒರಳಿನಲ್ಲಿ ರುಬ್ಬುತ್ತಾರೆ.

ಅಕ್ಕ ಯಾರು

ಎಪ್ಪತ್ತು ದಾಟಿದವರಿಗೆ ಬಡವ ಶ್ರೀಮಂತ ಎಂದು ನೋಡದೆ ಆರೋಗ್ಯ ಕಾರ್ಡು ಕೊಡುತ್ತಾರೆ ಎಂಬ ಸುದ್ದಿ ಹಬ್ಬಿದ ಮೇಲೆ ನನ್ನ ಕಿಂಡಿಯ ಮುಂದೆ ವಯಸ್ಸಾದವರ ಸಾಲು ಬೆಳೆಯಿತು. ಅದುವರೆಗೆ ವಯಸ್ಸು ಕೇಳಿದರೆ ಮುನಿಸಿಕೊಳ್ಳುತ್ತಿದ್ದವರೆಲ್ಲ ಈಗ ತಾವಾಗಿಯೇ ಎರಡು ವರ್ಷ ಸೇರಿಸಿ ಹೇಳತೊಡಗಿದರು.

ಒಂದು ದಿನ ಹೊಸದುರ್ಗದ ಕಡೆಯ ಹಳ್ಳಿಯಿಂದ ಅಕ್ಕ ತಂಗಿ ಇಬ್ಬರು ಬಂದರು. ಅಕ್ಕನಿಗೆ ಎರಡೂ ಮೊಣಕಾಲು ಹೋಗಿವೆ. ಬಸ್ಸಿನ ಮೆಟ್ಟಿಲು ಹತ್ತಬೇಕಾದರೆ ಕಂಡಕ್ಟರು ಮೇಲಿಂದ ಎಳೆಯಬೇಕು, ತಂಗಿ ಕೆಳಗಿಂದ ನೂಕಬೇಕು. ಮಗ ಸಂಬಳದ ನೌಕರಿಯಲ್ಲಿ ಇರುವುದರಿಂದ ಬಡವರ ರೇಷನ್ ಕಾರ್ಡ್ ಇಲ್ಲ. ಎಪ್ಪತ್ತರ ಕಾರ್ಡು ಸಿಕ್ಕರೆ ಮೊಣಕಾಲಿನ ಆಪರೇಷನ್ ಆಗುತ್ತದೆ, ಇಲ್ಲದಿದ್ದರೆ ಕೂತಲ್ಲೇ ಕೂರಬೇಕು. ತಂಗಿ ಗಟ್ಟಿಮುಟ್ಟು. ಜೊತೆಗೆ ಬಂದವಳು ಅಷ್ಟೆ.

ನಾನು ಇಬ್ಬರ ಆಧಾರನ್ನೂ ಇಸಕೊಂಡು ಕಂಪ್ಯೂಟರಿಗೆ ಹಾಕಿದೆ. ಇಬ್ಬರೂ ಹುಟ್ಟಿದ್ದು ಜನವರಿ ಒಂದನೇ ತಾರೀಕು. ಅದರಲ್ಲಿ ವಿಶೇಷವಿಲ್ಲ, ನಮ್ಮ ಕಡೆಯ ಅರ್ಧ ಜನ ಹುಟ್ಟಿರುವುದೇ ಜನವರಿ ಒಂದಕ್ಕೆ. ತೊಂದರೆ ಬಂದದ್ದು ವರ್ಷದಲ್ಲಿ. ಅಕ್ಕನಿಗೆ ಅರವತ್ತೆಂಟು, ತಂಗಿಗೆ ಎಪ್ಪತ್ತೊಂದು.

"ಅಜ್ಜಿ, ಇವರಿಗೆ ಕಾರ್ಡು ಸಿಗುತ್ತೆ, ನಿಮಗೆ ಸಿಗಲ್ಲ," ಎಂದೆ.

ಅಕ್ಕ ಕೋಲನ್ನು ತಂಗಿಯ ಕಡೆ ತೋರಿಸಿದಳು. "ಅವಳಿಗೆಂಗೆ ಸಿಗ್ತೈತೆ? ಅವಳು ನನ್ನ ತಂಗಿ. ಸೊಂಟದಾಗೆ ಎತ್ಕಂಡು ಸಾಕೀನಿ."

ಹಿಂದಿನದನ್ನು ಕೆದಕಿದಾಗ ವಿಷಯ ಹೊರಬಿತ್ತು. ಅಕ್ಕ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ನಿವೃತ್ತಿ ಆದಷ್ಟೂ ಮುಂದಕ್ಕೆ ಹೋಗಲಿ ಎಂದು ಆಧಾರಿನಲ್ಲಿ ಐದು ವರ್ಷ ಕಡಿಮೆ ಬರೆಸಿದ್ದಳು. ತಂಗಿ ವೃದ್ಧಾಪ್ಯ ಪಿಂಚಣಿ ಆದಷ್ಟೂ ಬೇಗ ಬರಲಿ ಎಂದು ಮೂರು ವರ್ಷ ಜಾಸ್ತಿ ಬರೆಸಿದ್ದಳು. ಇಬ್ಬರಿಗೂ ಆಗ ಅನುಕೂಲವೇ ಆಗಿತ್ತು. ಒಂದೇ ದಿನ, ಒಂದೇ ಕಿಂಡಿಯ ಮುಂದೆ ಇಬ್ಬರ ಕಾಗದವನ್ನೂ ಜೊತೆಯಾಗಿ ಇಡಬೇಕಾಗುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ.

ತಂಗಿಗೆ ಇದೆಲ್ಲ ಬಹಳ ಖುಷಿ ಕೊಟ್ಟಿತು. "ಏಟು ವರ್ಷ ಆತು ಇವಳ ಮಾತು ಕೇಳಿ ಕೇಳಿ. ಅಕ್ಕ ಅಂತ ದರ್ಬಾರು ಮಾಡಿದ್ದೇ ಮಾಡಿದ್ದು. ಈಗ ಸರ್ಕಾರನೇ ಹೇಳೈತೆ, ನಾನೇ ದೊಡ್ಡೋಳು."

"ಬಾಯ್ ಮುಚ್ಚೆ," ಎಂದಳು ಅಕ್ಕ.

"ದೊಡ್ಡೋರ ಜೊತೆ ಹಿಂಗಾ ಮಾತಾಡಾದು? ಕೇಳ್ರಿ ಮೇಡಂ."

ನಾನು ನಗು ತಡೆದುಕೊಂಡು, "ಅಜ್ಜಿ, ನೀವು ಸ್ಕೂಲಿಗೆ ಹೋಗಿದ್ರಾ? ಸ್ಕೂಲಿನ ದಾಖಲೆ ಸಿಕ್ಕರೆ ಆಧಾರಿನಲ್ಲಿ ಸರಿ ಮಾಡಿಸಬಹುದು. ಆಮೇಲೆ ಕಾರ್ಡು ಆಗುತ್ತೆ," ಎಂದೆ. ಮೂರನೇ ಕ್ಲಾಸಿನವರೆಗೆ ಓದಿದ್ದಾಳಂತೆ. ಆ ಶಾಲೆ ಈಗಲೂ ಇದೆ, ಹಳೇ ರಿಜಿಸ್ಟರೂ ಇರಬಹುದು ಎಂದಾಗ ಅಕ್ಕನ ಮುಖ ಸ್ವಲ್ಪ ಅರಳಿತು.

ತಂಗಿ ಬಿಡಲಿಲ್ಲ. "ರಿಜಿಸ್ಟರು ಸಿಗೋ ಗಂಟ ನಾನೇ ಅಕ್ಕ. ಇಷ್ಟು ವರ್ಷ ಹಬ್ಬದಾಗೆ ನಾನು ಇವಳ ಕಾಲಿಗೆ ಬಿದ್ದೀನಿ. ಈ ಹಬ್ಬಕ್ಕೆ ಇವಳು ನನ್ನ ಕಾಲಿಗೆ ಬೀಳ್ಲಿ."

ಅಕ್ಕ ಕೋಲು ಊರಿಕೊಂಡು, ಒಂದೊಂದೇ ಕಾಲು ಎತ್ತಿಡುತ್ತಾ, "ನಿನ್ನ ಕಾಲಿಗೆ ಬೀಳೋ ಅಷ್ಟು ಮೊಣಕಾಲು ಬಗ್ಗಿದ್ರೆ ನಾನು ಆಸ್ಪತ್ರೆಗೆ ಯಾಕೆ ಬರ್ತಿದ್ದೆ?" ಎಂದು ಬಾಗಿಲ ಕಡೆ ನಡೆದಳು.

ಎಷ್ಟು ವರ್ಷದ ಸಕ್ಕರೆ

ಇದು ಚಿಕ್ಕದು. ಚಿತ್ರದುರ್ಗದ ಒಬ್ಬ ಬಟ್ಟೆ ವ್ಯಾಪಾರಿ, ಎರಡು ವರ್ಷದ ಹಿಂದೆ ನಮ್ಮ ಯಜಮಾನರ ಹತ್ತಿರವೇ ಪಾಲಿಸಿ ಮಾಡಿಸಿದವರು, ಕಾಲಿನ ಗಾಯ ಮಾಯುತ್ತಿಲ್ಲ ಎಂದು ಆಸ್ಪತ್ರೆ ಸೇರಿದರು. ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಯಾದರೆ ಇಷ್ಟು ವರ್ಷ ಕಾದ ಮೇಲೇ ವಿಮೆ ಸಿಗುವುದು ಎಂಬ ನಿಯಮ ಇದೆ. ಮೊದಲು ನಾಲ್ಕು ವರ್ಷದವರೆಗೂ ಕಾಯಿಸುತ್ತಿದ್ದರು, ಈಗ ಮೂರಕ್ಕಿಂತ ಹೆಚ್ಚು ಕಾಯಿಸುವ ಹಾಗಿಲ್ಲ. ಅವರ ಸಹಿಗಾಗಿ ನಾನು ವಾರ್ಡಿಗೆ ಹೋದಾಗ ಡಾಕ್ಟರು ಪಕ್ಕದಲ್ಲಿ ನಿಂತು ಕೇಳುತ್ತಿದ್ದರು: "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ?"

ವ್ಯಾಪಾರಿ ಡಾಕ್ಟರ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ, ಗಿರಾಕಿಗೆ ರೇಟು ಹೇಳುವ ದನಿಯಲ್ಲಿ, "ಎಷ್ಟು ವರ್ಷ ಹಾಕಾಣ ಮೇಡಂ?" ಎಂದರು.

ನಾನು ಬಾಯಿ ಬಿಡುವ ಮೊದಲೇ ಅವರ ಹೆಂಡತಿ ಹೇಳಿದರು. "ಹದಿನಾರು ವರ್ಷ ಡಾಕ್ಟ್ರೇ. ಮದುವೆಮನೆ ಲಾಡು ಬಿಡಿ ಅಂತ ಅವತ್ತಿಂದ ಹೇಳ್ತಾ ಇದೀನಿ." ವ್ಯಾಪಾರಿ ಕಣ್ಣು ಮುಚ್ಚಿಕೊಂಡರು. ಪಾಲಿಸಿಗೆ ಅರ್ಜಿ ಬರೆದ ದಿನ ಈಕೆಯನ್ನು ತವರಿಗೆ ಕಳಿಸಿದ್ದರಂತೆ.

ನೋಡಲು ಬಂದವರು

ಭರಮಸಾಗರದ ರೈತರೊಬ್ಬರಿಗೆ ಹರ್ನಿಯಾ ಆಪರೇಷನ್ ಆಯಿತು. ಅವರದೂ ಯಜಮಾನರು ಮಾರಿದ ಪಾಲಿಸಿಯೇ. ಹಾಸಿಗೆ, ಔಷಧಿ, ಡಾಕ್ಟರು, ಎಲ್ಲ ವಿಮೆಯಲ್ಲೇ ಹೋಯಿತು. ಒಂದು ಕಾಸೂ ಕಟ್ಟಬೇಕಿಲ್ಲ ಎಂದು ನಾನು ಖುಷಿಯಿಂದಲೇ ಹೇಳಿದೆ. ಇಂಥ ಮಾತು ಹೇಳುವ ಯೋಗ ನನಗೆ ದಿನಾ ಬರುವುದಿಲ್ಲ.

ಆದರೆ ಅವರ ಹೆಂಡತಿಯ ಮುಖದಲ್ಲಿ ಖುಷಿ ಕಾಣಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಕಂತೆ ಚೀಟಿ ತೆಗೆದು ಕಿಂಡಿಯೊಳಗೆ ತಳ್ಳಿದರು. "ಇವು ಕಾರ್ಡಿನಾಗೆ ಬರ್ತಾವಾ ನೋಡ್ರಿ ಮೇಡಂ."

ಎಲ್ಲ ಆಸ್ಪತ್ರೆಯ ಎದುರಿನ ಹೋಟೆಲಿನ ಬಿಲ್ಲುಗಳು. ಇಡ್ಲಿ, ಮಂಡಕ್ಕಿ ಮೆಣಸಿನಕಾಯಿ, ಟೀ, ಮತ್ತೆ ಟೀ. ಒಂದು ಬಿಲ್ಲಿನಲ್ಲಿ ಹದಿನೆಂಟು ಪ್ಲೇಟು ಮೆಣಸಿನಕಾಯಿ ಇತ್ತು.

"ಆಪರೇಷನ್ ಆದವರಿಗೆ ಮೆಣಸಿನಕಾಯಿ ಕೊಟ್ರಾ?" ಎಂದು ಗಾಬರಿಯಾಗಿ ಕೇಳಿದೆ.

"ಅವ್ರಿಗೆಲ್ಲಿ ಕೊಡಾದು, ಗಂಜಿ ಕುಡ್ಕಂಡು ಮಲಗವ್ರೆ. ಇದು ನೋಡಾಕೆ ಬಂದೋರಿಗೆ."

ನಮ್ಮ ಕಡೆ ಒಬ್ಬರು ಆಸ್ಪತ್ರೆ ಸೇರಿದರೆ ನೋಡಲು ಹೋಗದೆ ಇರುವ ಹಾಗಿಲ್ಲ. ಹೋಗದಿದ್ದರೆ ಅವರು ಎದ್ದು ಬಂದ ಮೇಲೆ ಅದನ್ನೇ ಹಿಡಿದುಕೊಂಡು ಮಾತು ಬಿಡುತ್ತಾರೆ. ಹಾಗಾಗಿ ಅವರ ಓಣಿಯವರೆಲ್ಲ ಟೆಂಪೋ ಮಾಡಿಕೊಂಡು ಬಂದಿದ್ದರು. ಬರುವಾಗ ಮನೆಗೊಂದು ಬಿಸ್ಕತ್ ಪೊಟ್ಟಣ ತಂದಿದ್ದರು. ಅಷ್ಟು ದೂರದಿಂದ ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸಲಾಗುತ್ತದೆಯೇ? ಈಕೆ ಎಲ್ಲರನ್ನೂ ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿದ್ದರು. ನಾಲ್ಕು ದಿನದಲ್ಲಿ ಕಾಯಿಲೆಗೆ ಆಗದ ಖರ್ಚು ಕಾಯಿಲೆ ನೋಡಿದವರಿಗೆ ಆಗಿತ್ತು.

"ಇದು ಬರಲ್ಲಮ್ಮ," ಎಂದೆ.

"ಯಾಕ್ ಬರಲ್ಲ? ಆಪರೇಷನ್ನಿಗೆ ಮುಂಚೆ ಮೂವತ್ತು ದಿನ, ಆಮೇಲೆ ಅರವತ್ತು ದಿನ, ಎಲ್ಲಾ ಖರ್ಚು ಕೊಡ್ತಾರೆ ಅಂತ ನಿಮ್ಮ ಯಜಮಾನ್ರೇ ಹೇಳವ್ರೆ."

"ಅದು ಪರೀಕ್ಷೆ, ಔಷಧಿ ಖರ್ಚು. ನೆಂಟರ ಖರ್ಚಲ್ಲ."

ಆಕೆ ಚೀಟಿಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು. ಹೊರಟವರು ಏನೋ ನೆನಪಾಗಿ ತಿರುಗಿ ಬಂದರು. "ಅರವತ್ತು ದಿನ ಅಂದ್ರಲ್ಲ ಮೇಡಂ. ಮನೆಗೆ ಹೋದ ಮ್ಯಾಲೆ ಉಳಿದೋರೆಲ್ಲ ನೋಡಾಕೆ ಬರ್ತಾರೆ. ಇಲ್ಲಾದ್ರೆ ಆರು ಗಂಟೆಗೆ ವಾಚ್‌ಮ್ಯಾನ್ ಬಂದು ಎಬ್ಬಿಸಿ ಓಡಿಸ್ತಾನೆ. ಮನ್ಯಾಗೆ ಯಾರೂ ಏಳಲ್ಲ, ಉಣ್ಣಾಕೇ ಕುಂತ್ಕಂತಾರೆ."

"ಅದಕ್ಕೆ ನಾನೇನು ಮಾಡಲಿ?"

"ಆ ವಾಚ್‌ಮ್ಯಾನನ್ನ ಅರವತ್ತು ದಿನ ನಮ್ಮನಿಗೆ ಕಳಿಸ್ರಿ. ಅದಾದ್ರೂ ಬರ್ತೈತಾ ಕೇಳಿ ನೋಡ್ರಿ."

ಲೆಕ್ಕದಲ್ಲಿ ಬಿಟ್ಟವಳು

ಈ ಕೊನೆಯದನ್ನು ಹೇಳುವಾಗ ನನಗೆ ಈಗಲೂ ನಗು ಬರುತ್ತದೆ, ಜೊತೆಗೆ ಬೇರೇನೋ ಆಗುತ್ತದೆ. ಆ ಹೆಂಗಸು ಈಗ ಚೆನ್ನಾಗಿದ್ದಾಳೆ. ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಹಿರಿಯೂರಿನ ಕಡೆಯ ಕುರಿ ಸಾಕುವ ಮನೆಯವರು, ಗಂಡ ಹೆಂಡತಿ. ಆಕೆಗೆ ಐವತ್ತರ ಹತ್ತಿರ. ಹೊಟ್ಟೆ ನೋವೆಂದು ತಿಂಗಳುಗಟ್ಟಲೆ ಕಷಾಯ ಕುಡಿದು, ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಪಿತ್ತಕೋಶದಲ್ಲಿ ಕಲ್ಲು. ಎರಡು ಮೂರು ವಾರ ಮಾತ್ರೆಯಲ್ಲಿ ತಳ್ಳಬಹುದು, ಅದಕ್ಕಿಂತ ಮುಂದೆ ಹಾಕುವ ಹಾಗಿಲ್ಲ ಎಂದರು ಡಾಕ್ಟರು.

ಬಡವರ ರೇಷನ್ ಕಾರ್ಡ್ ಇದ್ದವರಿಗೆ ಇಂಥ ಆಪರೇಷನ್ ಪೂರ್ತಿ ಉಚಿತ. ನಾನು ನಿರಾಳವಾಗಿ ಅವರ ಕಾರ್ಡಿನ ನಂಬರು ಹಾಕಿದೆ. ಐದು ಹೆಸರು ಬಂದವು. ಅತ್ತೆ, ಇಬ್ಬರು ಗಂಡುಮಕ್ಕಳು, ಸೊಸೆ, ಕೊನೆಗೆ ಈಕೆಯ ಗಂಡ. ಈಕೆಯ ಹೆಸರಿಲ್ಲ. ಇನ್ನೊಂದು ಸಲ ಹಾಕಿದೆ. ಆಗಲೂ ಇಲ್ಲ.

"ಅಮ್ಮ, ನಿಮ್ಮ ಹೆಸರೇ ರೇಷನ್ ಕಾರ್ಡಿನಲ್ಲಿ ಇಲ್ಲವಲ್ಲ. ಹೆಸರಿಲ್ಲದಿದ್ದರೆ ಖರ್ಚಿನ ಬಹುಪಾಲು ನೀವೇ ಕಟ್ಟಬೇಕಾಗುತ್ತೆ."

ಆಕೆ ಬೆಂಚಿನ ಮೇಲೆ ಕುಸಿದು ಕೂತಳು. ಕಾರ್ಡು ಯಾವಾಗಲೂ ಅತ್ತೆಯ ಪೆಟ್ಟಿಗೆಯಲ್ಲಿ ಇರುತ್ತಿದ್ದುದರಿಂದ ಆಕೆ ಅದನ್ನು ಒಂದು ದಿನವೂ ತೆರೆಸಿ ನೋಡಿದವಳಲ್ಲ. "ಮುಗೀತು ಬಿಡು. ನನ್ನ ಕುರಿ ಹೋದವು," ಎಂದಳು.

ಅವರ ಕಡೆ ಮದುವೆಯಲ್ಲಿ ತವರಿನವರು ಮಗಳಿಗೆ ಬಳುವಳಿಯಾಗಿ ಕುರಿ ಕೊಡುತ್ತಾರೆ. ಈಕೆಗೆ ಎರಡು ಹೆಣ್ಣು ಕುರಿ ಕೊಟ್ಟಿದ್ದರು. ಅವು ಈದು, ಅವುಗಳ ಮರಿ ಈದು, ಈಗ ಹನ್ನೆರಡಾಗಿವೆ. ಮೇಯುವುದು ಗಂಡನ ಮಂದೆಯಲ್ಲೇ ಆದರೂ ಕಿವಿಯಲ್ಲಿ ಬೇರೆ ಗುರುತು, ಅವುಗಳ ಮೇಲೆ ಮಾತು ಈಕೆಯದೊಂದೇ. ಗಂಡನ ಕುರಿ ಅಣ್ಣತಮ್ಮಂದಿರ ಜೊತೆ ಕೂಡಿದ್ದು, ಎಲ್ಲರೂ ಒಪ್ಪದೆ ಮಾರುವಂತಿಲ್ಲ. ಹೀಗಾಗಿ ಆಪರೇಷನ್ನಿಗೆ ದುಡ್ಡು ಬೇಕೆಂದರೆ ಸಂತೆಗೆ ಹೋಗಬೇಕಾದವು ಈಕೆಯ ತವರಿನ ಕುರಿಗಳೇ. ಒಂದೊಂದಕ್ಕೂ ಹೆಸರಿಟ್ಟಿದ್ದಳಂತೆ.

ನಾನು ಗಂಡನನ್ನು ಕೇಳಿದೆ. "ಕಾರ್ಡ್ ಮಾಡಿಸುವಾಗ ಇವರ ಹೆಸರು ಕೊಡಲಿಲ್ವಾ?"

ಆತ ಹೆಗಲ ಮೇಲಿನ ಕಂಬಳಿಯನ್ನು ಆ ಕಡೆಯಿಂದ ಈ ಕಡೆಗೆ ಹಾಕಿಕೊಂಡ. "ಇಲ್ಲ ಮೇಡಮ್ಮಾರೆ."

"ಯಾಕೆ?"

ಕಂಬಳಿ ಮತ್ತೆ ಈ ಕಡೆಯಿಂದ ಆ ಕಡೆಗೆ ಹೋಯಿತು. ಆಮೇಲೆ ನಿಧಾನವಾಗಿ ಹೇಳಿದ. ಕುರಿ ಕಾಯುವವರನ್ನು ಯಾರಾದರೂ ನಿನ್ನ ಕುರಿ ಎಷ್ಟು ಎಂದು ಕೇಳಿದರೆ ಪೂರ್ತಿ ಲೆಕ್ಕ ಹೇಳುವುದಿಲ್ಲ. ಹೇಳಿದರೆ ಮಂದೆಗೆ ದೃಷ್ಟಿ ತಗಲುತ್ತದೆ. ಯಾವಾಗಲೂ ಒಂದನ್ನು ಬಿಟ್ಟು ಹೇಳಬೇಕು. ಅವರಪ್ಪ ಹಾಗೇ ಹೇಳುತ್ತಿದ್ದ, ಅವರಜ್ಜನೂ ಹಾಗೇ. ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳುವವರು ಬಾಗಿಲಲ್ಲಿ ನಿಂತು, ಪೆನ್ನು ಹಿಡಿದು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ಈತನ ಬಾಯಲ್ಲಿ ಅಭ್ಯಾಸದಂತೆ ಒಂದು ತಲೆ ಕಡಿಮೆ ಬಂತು. ಸೊಸೆ ಬಂದ ಮೇಲೆ ಮಗನೇ ಹೋಗಿ ಅವಳ ಹೆಸರು ಸೇರಿಸಿದ. ಅವ್ವನ ಹೆಸರು ಇಲ್ಲವೆಂದು ಅವನಿಗೂ ಹೊಳೆದಿರಲಿಲ್ಲ.

ಹೆಂಡತಿಗೆ ನೋವೆಲ್ಲ ಮರೆತುಹೋಯಿತು. ಎದ್ದು ನಿಂತಳು. "ಅಲ್ಲಾ, ನಾನೇನು ಕುರಿನಾ? ಹೋಗ್ಲಿ, ಒಬ್ರನ್ನ ಬಿಡಾದೇ ಆದ್ರೆ ನನ್ನನ್ನೇ ಯಾಕೆ ಬಿಟ್ಟೆ? ನಿಮ್ಮವ್ವ ಇದ್ದಿಲ್ವಾ? ಇಷ್ಟು ವರ್ಷ ನನ್ನ ಪಾಲಿನ ಅಕ್ಕಿನೂ ಇಲ್ಲ, ಈಗ ಕಾರ್ಡೂ ಇಲ್ಲ."

ಗಂಡ ನೆಲ ನೋಡುತ್ತಾ ಹೇಳಿದ. "ಲೆಕ್ಕದಾಗೆ ಬಿಡಾದು ಮಂದ್ಯಾಗೆ ಚೆನ್ನಾಗಿರಾದನ್ನೇ ಕಣೆ. ಬಡಕಲು ಕುರಿ ಮ್ಯಾಲೆ ಯಾರ ಕಣ್ಣು ಬೀಳ್ತೈತೆ?"

ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ನನಗಂತೂ ಹೊಟ್ಟೆಕಿಚ್ಚೇ ಆಯಿತು. ಸಂಜೆ ಮನೆಗೆ ಹೋಗಿ ಇದನ್ನೆಲ್ಲ ಯಜಮಾನರಿಗೆ ಹೇಳಿ, ನೀವು ಯಾವತ್ತಾದರೂ ಇಂಥ ಮಾತು ಆಡಿದ್ದೀರಾ ಎಂದು ಕೇಳಿದೆ. "ಪಾಲಿಸಿನಾಗೆ ನಿನ್ನ ಹೆಸರು ಕೈಬಿಡದಂಗೆ ಬರ್ಸೀನಲ್ಲ, ಇನ್ನೇನು?" ಎಂದರು.

ಆಸ್ಪತ್ರೆಯಿಂದ ಒಂದು ಪತ್ರ ಮಾಡಿಸಿಕೊಟ್ಟು, ಹಿರಿಯೂರು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ ಹೆಸರು ಸೇರಿಸಿಕೊಂಡು ಬನ್ನಿ ಎಂದು ಕಳಿಸಿದೆ. ಆತ ದಿನಾ ಹೋಗಿ ಕಚೇರಿಯ ಬಾಗಿಲಲ್ಲಿ ಕೂತನಂತೆ. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಸಾಹೇಬರು ಇಲ್ಲ. ಅಷ್ಟರಲ್ಲಿ ಊರಿನಲ್ಲಿ ಒಬ್ಬ ವ್ಯಾಪಾರಿ ಬಂದು ಆಕೆಯ ಕುರಿಗಳ ಬೆನ್ನು ಒತ್ತಿ ನೋಡಿ ಬೆಲೆಯನ್ನೂ ಹೇಳಿ ಹೋಗಿದ್ದ. ಸೋಮವಾರದವರೆಗೆ ನೋಡೋಣ ಎಂದು ಆಕೆ ಮುಂಗಡ ಮುಟ್ಟಿರಲಿಲ್ಲ. ಶನಿವಾರ ಮಧ್ಯಾಹ್ನ ನನಗೆ ಫೋನ್ ಬಂತು. ಹೆಸರು ಸೇರಿತ್ತು. ಆ ಕಡೆ ಆತ ಏನು ಹೇಳಿದನೋ ನನಗೆ ಸರಿಯಾಗಿ ಕೇಳಲಿಲ್ಲ, ಹಿಂದೆ ಕುರಿಗಳ ಅರಚಾಟ ಅಷ್ಟಿತ್ತು.

ಆಪರೇಷನ್ನಿನ ಬೆಳಿಗ್ಗೆ ಆಕೆಗೆ ಹಸಿರು ಗೌನು ತೊಡಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ ನನ್ನ ಕೌಂಟರಿನ ಹತ್ತಿರ ತಂದರು. ಒಳಗೆ ಕಳಿಸುವ ಮೊದಲು ಕಾರ್ಡಿನಲ್ಲಿರುವ ಎಲ್ಲ ಹೆಸರನ್ನೂ ಮನೆಯವರ ಎದುರು ಓದಿ ಸಹಿ ಹಾಕಿಸಿಕೊಳ್ಳುವುದು ನಮ್ಮ ಆಸ್ಪತ್ರೆಯ ಕ್ರಮ. ನಾನು ಓದತೊಡಗಿದೆ. ಅತ್ತೆಯ ಹೆಸರು ಓದಿದೆ. ಇಬ್ಬರು ಮಕ್ಕಳದು ಓದಿದೆ. ಸೊಸೆಯದು ಓದುವಷ್ಟರಲ್ಲಿ ಗಂಡ ಕಿಂಡಿಯೊಳಗೆ ಕೈ ಹಾಕಿ ಕಾಗದದ ಮೇಲೆ ಅಂಗೈ ಇಟ್ಟುಬಿಟ್ಟ.

"ಪೂರಾ ಓದ್ಬ್ಯಾಡ್ರಿ ಮೇಡಮ್ಮಾರೆ. ಇಂಥಾ ಹೊತ್ತಿನಾಗೆ ಪೂರಾ ಲೆಕ್ಕ ಬಾಯಾಗೆ ಬರಬಾರ್ದು. ಒಂದು ಹೆಸರು ಬಿಡ್ರಿ."

"ಇವರ ಹೆಸರು ಬಿಟ್ಟರೆ ಆಪರೇಷನ್ನೇ ಆಗಲ್ಲಪ್ಪ," ಎಂದೆ.

"ಅವಳದು ಬ್ಯಾಡ. ಅವಳದು ಬರೀರಿ, ಓದ್ರಿ, ಎಲ್ಲಾ ಮಾಡ್ರಿ. ನಂದು ಬಿಡ್ರಿ."

ಆತ ಕಾಗದದ ಮೇಲಿನ ಅಂಗೈ ತೆಗೆಯಲೇ ಇಲ್ಲ. ಬೆಟ್ಟದಲ್ಲಿ ಚಿರತೆಯನ್ನು ಕೋಲಿನಲ್ಲಿ ಓಡಿಸುವ ಮನುಷ್ಯ, ಅವತ್ತು ನಿಜವಾಗಿ ಹೆದರಿದ್ದ.

ಗಾಲಿಕುರ್ಚಿಯಲ್ಲಿದ್ದವಳು ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಚೆನ್ನಾಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

"ಆಯಪ್ಪಂದೂ ಓದ್ರಿ ಮೇಡಮ್ಮಾರೆ, ಜೋರಾಗೇ ಓದ್ರಿ. ಆ ಮುಖಕ್ಕೆ ಯಾರ ಕಣ್ಣೂ ಬೀಳಲ್ಲ."